ಕಿತ್ತೆಸೆದ ಪಂಪನ್ನು ಮತ್ತೆ ಕೂರಿಸುವುದು

(ಹಳೆಯ ಕಾರುಗಳನ್ನು ತಾವೇ ರಿಪೇರಿ ಮಾಡಿಕೊಳ್ಳುವವರ ಒಂದು ಕೂಟದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವ ಈ ವಸ್ತುವನ್ನು ಒಮ್ಮೆ ನೋಡಿ. ಅಲ್ಯೂಮಿನಿಯಂ ಮೈ, ಮುಂದೆ ಒಂದು ಪುಲ್ಲಿ, ಹಿಂದೆ ಒಂದು ಪೈಪಿನ ಬಾಯಿ. ನಿಮ್ಮಲ್ಲಿ ಅರ್ಧ ಜನ ಇದನ್ನು ಬಿಚ್ಚಿ ಮೂಲೆಗೆ ಎಸೆದವರು. ನಗಬೇಡಿ, ನಾನೂ ಎಸೆದವನೇ. ಇದರ ಹೆಸರು ಸ್ಮಾಗ್ ಪಂಪ್. ಸ್ಮಾಗ್ ಅಂದರೆ ಹೊಗೆಯ ಮಬ್ಬು; ಅದನ್ನು ಕಡಿಮೆ ಮಾಡಲು ಇಂಜಿನ್ನಿನಿಂದ ಹೊರಬರುವ ಬಿಸಿ ಹೊಗೆಗೆ ಹೊಸ ಗಾಳಿ ಊದುವ ಪಂಪು ಇದು. ಹಳೆಯ ಅಮೆರಿಕನ್ ಕಾರು ಕೊಂಡ ಹತ್ತರಲ್ಲಿ ಒಂಬತ್ತು ಜನ ಬಾನೆಟ್ ಎತ್ತಿ ಮೊದಲು ಬೈಯುವುದು ಇದಕ್ಕೇ. ಇವತ್ತು ನಾನು ಹೇಳಲು ಬಂದಿರುವುದು ಇದನ್ನು, ಇದರ ಜೊತೆಗಿದ್ದ ಉಳಿದ ಭಾಗಗಳನ್ನು ಮತ್ತೆ ಇಂಜಿನ್‌ಗೆ ಕೂರಿಸುವುದು ಹೇಗೆ ಅಂತ. ಅದಕ್ಕೂ ಮೊದಲು ಇವು ಅಲ್ಲಿಗೆ ಯಾಕೆ ಬಂದವು ಅನ್ನುವುದನ್ನು ಸ್ವಲ್ಪ ಹೇಳಬೇಕು. ಅದು ಗೊತ್ತಿಲ್ಲದೆ ಪೈಪು ಜೋಡಿಸಲು ಕೂತರೆ ನನ್ನ ಹಾಗೆ ಎರಡು ವಾರ ತಲೆ ಕೆಡಿಸಿಕೊಳ್ಳುತ್ತೀರಿ.

1943ರ ಜುಲೈ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಾಸ್ ಏಂಜಲೀಸ್ ಊರಿನ ಮೇಲೆ ಒಂದು ದಿನ ದಟ್ಟ ಮಬ್ಬು ಇಳಿಯಿತು. ಕಣ್ಣು ಉರಿ, ಗಂಟಲು ಕೆರೆತ. ಯುದ್ಧದ ಕಾಲ, ಹಾಗಾಗಿ ಶತ್ರುಗಳು ವಿಷಗಾಳಿ ಬಿಟ್ಟರೇನೋ ಅಂತ ಕೆಲವರು ಹೆದರಿದರು. ಆಮೇಲೆ ಊರೊಳಗಿನ ಒಂದು ಕೃತಕ ರಬ್ಬರ್ ಕಾರ್ಖಾನೆಯ ಮೇಲೆ ತಪ್ಪು ಹೊರಿಸಿದರು. ಅದನ್ನು ಕೆಲ ಕಾಲ ಮುಚ್ಚಿಸಿಯೂ ಆಯಿತು. ಮಬ್ಬು ಮಾತ್ರ ಹೋಗಲಿಲ್ಲ.

ಇದರ ಗುಟ್ಟು ಬಿಡಿಸಿದವರು ಆರಿ ಹಾಗನ್-ಸ್ಮಿಟ್. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯ ಕ್ಯಾಲ್‌ಟೆಕ್‌ನಲ್ಲಿ ಕೆಲಸ ಮಾಡುತ್ತಿದ್ದ ರಸಾಯನ ವಿಜ್ಞಾನಿ. ಅನಾನಸ್ ಹಣ್ಣಿನ ಪರಿಮಳ ಯಾವುದರಿಂದ ಬರುತ್ತದೆ ಅಂತ ಹುಡುಕುತ್ತಿದ್ದ ಮನುಷ್ಯ ಗಾಳಿಯ ವಾಸನೆಗೆ ಕೈ ಹಾಕಿದರು. 1950ರ ದಶಕದ ಆರಂಭದಲ್ಲಿ ಅವರು ತೋರಿಸಿಕೊಟ್ಟದ್ದು ಇಷ್ಟು: ಸುಡದೆ ಉಳಿದ ಪೆಟ್ರೋಲಿನ ಆವಿ ಮತ್ತು ಇಂಜಿನ್‌ನಿಂದ ಬರುವ ನೈಟ್ರೋಜನ್ ಆಕ್ಸೈಡುಗಳು ಬಿಸಿಲಿಗೆ ಸಿಕ್ಕಿ ಓಜೋನ್ ಆಗುತ್ತವೆ. ಅಂದರೆ ಕಣ್ಣು ಉರಿಸುತ್ತಿದ್ದದ್ದು ಕಾರ್ಖಾನೆಯ ಹೊಗೆ ಮಾತ್ರ ಅಲ್ಲ. ಎಲ್ಲರ ಮನೆ ಮುಂದೆ ನಿಂತಿದ್ದ ಕಾರು ಕೂಡ.

ಇಲ್ಲೊಂದು ಮಜಾ ಇದೆ. ಆಗ ಓಜೋನ್ ಅಳೆಯಲು ಬಾಗಿಸಿದ ರಬ್ಬರ್ ಪಟ್ಟಿಯನ್ನು ಬಳಸುತ್ತಿದ್ದರು. ರಬ್ಬರ್ ಎಷ್ಟು ಬೇಗ ಬಿರುಕು ಬಿಡುತ್ತದೆ, ಎಷ್ಟು ಆಳಕ್ಕೆ ಬಿಡುತ್ತದೆ ಅಂತ ನೋಡುವುದು. ನಿಮ್ಮ ಕಾರಿನ ಹಳೆಯ ವ್ಯಾಕ್ಯೂಮ್ ಪೈಪುಗಳು, ಅಂದರೆ ಇಂಜಿನ್ನಿನ ಎಳೆತವನ್ನು ಬೇರೆ ಭಾಗಗಳಿಗೆ ಒಯ್ಯುವ ಸಣ್ಣ ರಬ್ಬರ್ ಪೈಪುಗಳು, ಬಾಗಿದ ಜಾಗದಲ್ಲೇ ಮೊದಲು ಸೀಳುತ್ತವೆ ಅಲ್ವಾ? ಅದರಲ್ಲಿ ಶಾಖದ ಪಾಲಿದೆ, ಓಜೋನಿನದೂ ಪಾಲಿದೆ. ಕಾರಿನ ಹೊಗೆ ಸುತ್ತಿ ಬಳಸಿ ಕಾರಿನ ಪೈಪನ್ನೇ ಕಡಿದ ಹಾಗೆ.

ಸರಿ, ಕಾರಿನಿಂದ ಕೊಳೆ ಹೊರಗೆ ಬರುವ ದಾರಿ ಮೂರು. ಒಂದು, ಇಂಜಿನ್ನಿನ ಹೊಟ್ಟೆ, ಅಂದರೆ ಕ್ರ್ಯಾಂಕ್‌ಕೇಸ್. ಎರಡು, ಸೈಲೆನ್ಸರ್. ಮೂರು, ಪೆಟ್ರೋಲ್ ಟ್ಯಾಂಕು ಮತ್ತು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನಿಂದ ಏಳುವ ಆವಿ. ಹೊಗೆ ಕಾನೂನಿಗೆ ತಕ್ಕಂತೆ ಕಾರು ತಯಾರಕರು ಈ ಮೂರನ್ನೂ ಒಂದೊಂದಾಗಿ ಮುಚ್ಚುತ್ತಾ ಬಂದರು. ನಿಮ್ಮ ಕಾರು ಯಾವ ವರ್ಷದ್ದು ಅನ್ನುವುದರ ಮೇಲೆ ಅದರಲ್ಲಿ ಏನೇನು ಇರಬೇಕು ಅನ್ನುವುದು ನಿಂತಿದೆ. ಕ್ಯಾಲಿಫೋರ್ನಿಯಾದಲ್ಲಿ ಮಾರಿದ ಕಾರಿಗೂ ಉಳಿದ ಕಡೆ ಮಾರಿದ ಕಾರಿಗೂ ವ್ಯತ್ಯಾಸ ಇರುತ್ತದೆ. ಅಲ್ಲಿಗೆ ಬಂದದ್ದು ಉಳಿದ ಕಡೆ ಒಂದೆರಡು ವರ್ಷ ತಡವಾಗಿ ಬರುತ್ತಿತ್ತು.

ಮೊದಲು ಬಂದದ್ದು ಪಿಸಿವಿ ವಾಲ್ವ್. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಗಳಿಂದ, ಅಮೆರಿಕ ಪೂರ್ತಿಗೆ 1963ರಿಂದ. ಅದಕ್ಕೂ ಮುಂಚೆ ಏನಿತ್ತು ಗೊತ್ತಾ? ಇಂಜಿನ್ ಪಕ್ಕದಿಂದ ನೆಲದ ಕಡೆಗೆ ಇಳಿದ ಒಂದು ಖಾಲಿ ಪೈಪು, ಅಷ್ಟೇ. ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗೆ ಸೋರಿದ ಹೊಗೆ, ಎಣ್ಣೆಯ ಆವಿ, ಎಲ್ಲ ನೇರ ರಸ್ತೆಗೆ. ಪಿಸಿವಿ ಆ ಹೊಗೆಯನ್ನು ಮತ್ತೆ ಗಾಳಿ ಒಳಹೋಗುವ ದಾರಿಗೆ, ಅಂದರೆ ಇನ್‌ಟೇಕಿಗೆ ಎಳೆದು ಸುಡುತ್ತದೆ. ಒಳಗೆ ಒಂದು ಸ್ಪ್ರಿಂಗು, ಒಂದು ಸಣ್ಣ ಗೂಟ. ಕಾರು ನಿಂತು ಇಂಜಿನ್ ಸುಮ್ಮನೆ ಓಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಜಾಸ್ತಿ, ಗೂಟ ಎಳೆದುಕೊಂಡು ದಾರಿ ಕಿರಿದಾಗುತ್ತದೆ. ಓಡುವಾಗ ವ್ಯಾಕ್ಯೂಮ್ ಕಡಿಮೆ, ದಾರಿ ಅಗಲವಾಗುತ್ತದೆ. ಬ್ಯಾಕ್‌ಫೈರ್ ಆದರೆ ಗೂಟ ಹಿಂದಕ್ಕೆ ಬಡಿದು ಬಾಗಿಲು ಮುಚ್ಚುತ್ತದೆ, ಬೆಂಕಿ ಕೆಳಗೆ ಇಳಿಯುವುದಿಲ್ಲ. ಇದನ್ನು ಯಾರೂ ಬಿಚ್ಚಿ ಎಸೆಯಬಾರದು. ಎಸೆದವರ ಇಂಜಿನ್ ಎಣ್ಣೆ ಬೇಗ ಕೆಸರಾಗುತ್ತದೆ.

ಆಮೇಲೆ ಬಂದದ್ದು ಈ ಪಂಪು. 1966ರಲ್ಲಿ ಕ್ಯಾಲಿಫೋರ್ನಿಯಾ, 1968ರಲ್ಲಿ ದೇಶ ಪೂರ್ತಿ. ಜನರಲ್ ಮೋಟಾರ್ಸ್ ಇದನ್ನು ಏರ್ ಇಂಜೆಕ್ಷನ್ ರಿಯಾಕ್ಟರ್ ಅಂತ ಕರೆಯಿತು, ಫೋರ್ಡ್ ಥರ್ಮ್ಯಾಕ್ಟರ್ ಅಂತ. ಕ್ರೈಸ್ಲರ್ ಮೊದಲಿಗೆ ಪಂಪು ಬೇಡ ಅಂತ ಕಾರ್ಬೊರೇಟರ್ ಮತ್ತು ಟೈಮಿಂಗಿನಲ್ಲೇ (ಅಂದರೆ ಕಿಡಿ ಹಾರುವ ಹೊತ್ತಿನಲ್ಲೇ) ಕೆಲಸ ಮುಗಿಸಿತು. 1970ರಲ್ಲಿ ಕ್ಯಾಲಿಫೋರ್ನಿಯಾಕ್ಕೆ, 1971ರಲ್ಲಿ ಎಲ್ಲ ಕಡೆಗೆ ಇದ್ದಿಲು ಡಬ್ಬಿ ಬಂತು, ಪೆಟ್ರೋಲ್ ಆವಿಯನ್ನು ಹಿಡಿದಿಟ್ಟುಕೊಳ್ಳಲು. 1973ರ ಹೊತ್ತಿಗೆ ಇಜಿಆರ್, ಅಂದರೆ ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೆ ಬಿಡುವ ವಾಲ್ವ್, ಸಾಮಾನ್ಯವಾಯಿತು. 1975ರಲ್ಲಿ ಹೊಗೆಯ ಕೊಳೆ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಅದರ ಜೊತೆ ಸೀಸ ಇಲ್ಲದ ಪೆಟ್ರೋಲ್. ಸೀಸ ಇರುವ ಪೆಟ್ರೋಲ್ ಹಾಕಿದರೆ ಕನ್ವರ್ಟರಿನ ಒಳಮೈಗೆ ಲೇಪ ಹಿಡಿದು ಅದು ಸತ್ತುಹೋಗುತ್ತದೆ. ಅದಕ್ಕೇ ಆ ಕಾರುಗಳ ಟ್ಯಾಂಕಿನ ಬಾಯಿಯನ್ನೇ ಕಿರಿದು ಮಾಡಿದರು.

ಈ ವರ್ಷಗಳನ್ನು ಯಾಕೆ ಹೇಳಿದೆ ಅಂದರೆ, 1969ರ ಕಾರಿಗೆ ಇಜಿಆರ್ ಕೂರಿಸಲು ಹೊರಟವರನ್ನು ನಾನು ನೋಡಿದ್ದೇನೆ. ನಿಮ್ಮ ಕಾರಿನಲ್ಲಿ ಇಲ್ಲದ್ದನ್ನು ಹಾಕಬೇಡಿ. ಇದ್ದದ್ದನ್ನು ಬಿಡಬೇಡಿ.

ಈಗ ಎಲ್ಲರ ಮನಸ್ಸಿನಲ್ಲಿರುವ ಮಾತಿಗೆ ಬರೋಣ. "ಈ ಪಂಪು ಇಂಜಿನ್ನಿನ ಶಕ್ತಿ ತಿನ್ನುತ್ತದೆ." ನಾನೂ ಅದನ್ನೇ ನಂಬಿದ್ದೆ. ಷೆವರ್ಲೆ ಕಾರ್ವೆಟ್ ಸ್ಪೋರ್ಟ್ಸ್ ಕಾರಿನ ಎಲ್‌ಟಿ-1 ಇಂಜಿನ್ ತಗೊಳ್ಳಿ. 1970ರಲ್ಲಿ 370 ಕುದುರೆ ಶಕ್ತಿ. 1971ರಲ್ಲಿ 330. 1972ರಲ್ಲಿ 255. ನೋಡಿದವರಿಗೆ ಏನನ್ನಿಸುತ್ತದೆ? ಹೊಗೆ ಕಾನೂನು ಬಂದು ಇಂಜಿನ್ ಕೊಂದಿತು ಅಂತ. ನಡೆದದ್ದು ಬೇರೆ. 1971ರಲ್ಲಿ ಕಂಪ್ರೆಷನ್ನನ್ನು, ಅಂದರೆ ಸಿಲಿಂಡರಿನಲ್ಲಿ ಗಾಳಿ ಪೆಟ್ರೋಲನ್ನು ಒತ್ತುವ ಪ್ರಮಾಣವನ್ನು, 11ರಿಂದ 9ಕ್ಕೆ ಇಳಿಸಿದರು, ಕಡಿಮೆ ಆಕ್ಟೇನಿನ, ಸೀಸ ಇಲ್ಲದ ಪೆಟ್ರೋಲಿಗೆ ತಯಾರಿ ಅದು. 1972ರಲ್ಲಿ ಅಳೆಯುವ ರೀತಿಯೇ ಬದಲಾಯಿತು. ಮುಂಚೆ ಫ್ಯಾನು, ಸೈಲೆನ್ಸರು ಏನೂ ಇಲ್ಲದ ಬೆತ್ತಲೆ ಇಂಜಿನ್ ಅಳೆಯುತ್ತಿದ್ದರು. ಆಮೇಲೆ ಕಾರಿನಲ್ಲಿ ಇರುವ ಹಾಗೇ ಎಲ್ಲ ಹಾಕಿ ಅಳೆದರು. 1971ರ ಅದೇ ಇಂಜಿನ್ ಹೊಸ ಲೆಕ್ಕದಲ್ಲಿ 275. ಅಂದರೆ 330ರಿಂದ 255ಕ್ಕೆ ಬಿದ್ದದ್ದರಲ್ಲಿ 55 ಬರೀ ಕಾಗದದ ಮೇಲೆ ಬಿದ್ದದ್ದು. ಇನ್ನು 1970ರ ಆ 370ರ ಇಂಜಿನ್ನಿಗೂ ಇದೇ ಪಂಪು ಇತ್ತು, ಯಾರೂ ಅದನ್ನು ನೆನೆಸಿಕೊಳ್ಳುವುದಿಲ್ಲ! ಒಳ್ಳೆಯ ಪಂಪನ್ನು ಕೈಯಲ್ಲೇ ತಿರುಗಿಸಬಹುದು. ಬನ್ನಿ, ಆಮೇಲೆ ಮುಟ್ಟಿ ನೋಡಿ. ಅದು ತಿನ್ನುವುದು ಬಹಳ ಕಡಿಮೆ.

ಹಾಗಾದರೆ ಪಂಪು ಬಿಚ್ಚಿದ ಮೇಲೆ ಕಾರು ಚೆನ್ನಾಗಿ ಓಡಿತು ಅನ್ನುತ್ತಾರಲ್ಲ, ಅದು ಸುಳ್ಳಾ? ಸುಳ್ಳಲ್ಲ. ಪಂಪು ಬಿಚ್ಚಿದವರು ಅದೇ ದಿನ ಟೈಮಿಂಗನ್ನೂ ಮುಂದಕ್ಕೆ ತಂದಿರುತ್ತಾರೆ, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟನ್ನೂ ಬದಲಾಯಿಸಿರುತ್ತಾರೆ. ಪಿಕಪ್ ಬಂದದ್ದು ಅದರಿಂದ. ಹೆಸರು ಮಾತ್ರ ಪಂಪಿಗೆ ಕೆಟ್ಟದ್ದು.

ನನ್ನ ಮಾತಿನ ತಿರುಳು ಇಲ್ಲಿದೆ. ಎಮಿಷನ್ ಭಾಗ, ಅಂದರೆ ಹೊಗೆಯ ಕೊಳೆ ಕಡಿಮೆ ಮಾಡುವ ಭಾಗ, ಪಂಪು ಒಂದೇ ಅಲ್ಲ. ಆ ಇಂಜಿನ್ನಿನ ಕಾರ್ಬೊರೇಟರ್ ಎಮಿಷನ್ ಭಾಗ. ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರ್ ಎಮಿಷನ್ ಭಾಗ. ಥರ್ಮೋಸ್ಟಾಟ್ ಕೂಡ. ಇವೆಲ್ಲ ಒಂದರ ಕೈ ಒಂದು ಹಿಡಿದುಕೊಂಡು ಕೆಲಸ ಮಾಡುತ್ತವೆ. ಹೇಗೆ ಅಂತ ನೋಡಿ. ಐಡ್ಲಿಂಗಿನಲ್ಲಿ ಕಿಡಿಯನ್ನು ಬೇಕೆಂದೇ ತಡ ಮಾಡುತ್ತಾರೆ. ಕೆಲವು ಇಂಜಿನ್‌ಗಳಲ್ಲಿ ಪಿಸ್ಟನ್ ತುತ್ತತುದಿ ದಾಟಿದ ಮೇಲೆ ಕಿಡಿ ಹಾರುತ್ತದೆ. ಯಾಕೆ? ಕಿಡಿ ತಡವಾದರೆ ಹೊಗೆ ಬಿಸಿಬಿಸಿಯಾಗೇ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ, ಅಂದರೆ ಇಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆಗೆ, ಬರುತ್ತದೆ. ಅಲ್ಲಿ ಪಂಪು ಹೊಸ ಗಾಳಿ ಊದುತ್ತದೆ. ಸುಡದೆ ಉಳಿದ ಪೆಟ್ರೋಲ್ ಅಲ್ಲೇ ಸುಡುತ್ತದೆ. ಆದರೆ ಕಿಡಿ ತಡವಾದರೆ ಇಂಜಿನ್ನಿಗೆ ಕಸುವು ಕಡಿಮೆ, ಆದ್ದರಿಂದ ಐಡ್ಲಿಂಗ್ ಕಾಯ್ದುಕೊಳ್ಳಲು ಥ್ರಾಟಲ್, ಅಂದರೆ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಸ್ವಲ್ಪ ಜಾಸ್ತಿ ತೆರೆದಿರಬೇಕು. ಥ್ರಾಟಲ್ ತೆರೆದು, ಇಂಜಿನ್ ಬಿಸಿಯಾಗಿ, ಕೀ ತೆಗೆದರೂ ಇಂಜಿನ್ ಧಡ ಧಡ ಅಂತ ಓಡುತ್ತಲೇ ಇರುತ್ತದೆ. ಅದಕ್ಕೆ ಮದ್ದು ಕಾರ್ಬೊರೇಟರ್ ಪಕ್ಕದ ಒಂದು ಸಣ್ಣ ಸೊಲೆನಾಯ್ಡ್. ಕೀ ತೆಗೆದ ಕೂಡಲೇ ಅದರ ಕಡ್ಡಿ ಒಳಗೆ ಹೋಗಿ ಥ್ರಾಟಲ್ ಪೂರ್ತಿ ಮುಚ್ಚುತ್ತದೆ. ಟ್ರಾಫಿಕ್ಕಿನಲ್ಲಿ ನಿಂತು ಇಂಜಿನ್ ಅತಿಯಾಗಿ ಕಾದರೆ? ಅದಕ್ಕೊಂದು ಶಾಖ ನೋಡುವ ವ್ಯಾಕ್ಯೂಮ್ ಸ್ವಿಚ್ಚು. ನೀರು ಮಿತಿ ಮೀರಿ ಬಿಸಿಯಾದರೆ ಡಿಸ್ಟ್ರಿಬ್ಯೂಟರಿಗೆ ಪೂರ್ತಿ ವ್ಯಾಕ್ಯೂಮ್ ಕೊಟ್ಟು ಟೈಮಿಂಗ್ ಮುಂದೆ ತರುತ್ತದೆ, ಇಂಜಿನ್ ತಣ್ಣಗಾಗುತ್ತದೆ.

ಈಗ ಯೋಚಿಸಿ, ಇದರಲ್ಲಿ ಯಾರೋ ಆ ಶಾಖದ ಸ್ವಿಚ್ಚನ್ನು ಮಾತ್ರ ಕಿತ್ತು ಉಳಿದದ್ದು ಬಿಟ್ಟರು. ಕಾರು ಟ್ರಾಫಿಕ್ಕಿನಲ್ಲಿ ಕುದಿಯುತ್ತದೆ. ಇನ್ಯಾರೋ ಸೊಲೆನಾಯ್ಡ್ ಬಿಚ್ಚಿದರು. ಕೀ ತೆಗೆದರೂ ಇಂಜಿನ್ ನಿಲ್ಲುವುದಿಲ್ಲ. ಆಮೇಲೆ "ಈ ಸ್ಮಾಗ್ ಇಂಜಿನ್ನೇ ದರಿದ್ರ" ಅಂತ ಬೈಗುಳ. ಪೂರ್ತಿ ಇದ್ದರೆ ಇಂಜಿನ್ ಓಡುತ್ತದೆ, ಪೂರ್ತಿ ಬಿಚ್ಚಿ ತಕ್ಕ ಹಾಗೆ ಟ್ಯೂನ್ ಮಾಡಿದರೂ ಓಡುತ್ತದೆ. ಅರ್ಧಂಬರ್ಧ ಇದ್ದಾಗಲೇ ಕಾಟ. ನಾವು ಕೊಳ್ಳುವ ಹಳೆಯ ಕಾರುಗಳೆಲ್ಲ ಸಾಮಾನ್ಯವಾಗಿ ಅರ್ಧಂಬರ್ಧವೇ.

ಇನ್ನು ನನ್ನ ಕತೆ. ನನ್ನದು 1969ರ ವಿ8, ಅಂದರೆ ಎರಡು ಸಾಲಿನಲ್ಲಿ ಎಂಟು ಸಿಲಿಂಡರ್, ಕೈಯಲ್ಲಿ ಗೇರ್ ಹಾಕುವ ಕಾರು. ಅದರಲ್ಲಿ ಇರಬೇಕಾದದ್ದು ಪಿಸಿವಿ, ಪಂಪು, ಪಂಪಿನ ಗಾಳಿಯನ್ನು ಬೇಕಾದಾಗ ಹೊರಗೆ ಬಿಡುವ ಡೈವರ್ಟರ್ ವಾಲ್ವ್, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಚೆಕ್ ವಾಲ್ವ್, ಎರಡೂ ಬದಿಗೆ ನಾಲ್ಕು ನಾಲ್ಕು ಗಾಳಿ ಕೊಳವೆ. ನನ್ನ ಕೈಗೆ ಬಂದಾಗ ಉಳಿದಿದ್ದದ್ದು ಪಿಸಿವಿ ಮಾತ್ರ. ಅದೂ ಬೇರೆ ಯಾವುದೋ ಇಂಜಿನ್ನಿನದು. ನೋಡಲು ಒಂದೇ ಥರ, ಒಳಗಿನ ಸ್ಪ್ರಿಂಗ್ ಬೇರೆ. ಐಡ್ಲಿಂಗಿನಲ್ಲಿ ಇಂಜಿನ್ ಕುಡಿಯುವ ಗಾಳಿಯಲ್ಲಿ ಒಂದು ಪಾಲು ಪಿಸಿವಿ ಮೂಲಕವೇ ಬರುತ್ತದೆ. ಕಾರ್ಬೊರೇಟರ್ ಆ ಗಾಳಿಯನ್ನು ಲೆಕ್ಕಕ್ಕೆ ಹಿಡಿದೇ ತಯಾರಾಗಿರುತ್ತದೆ. ತಪ್ಪು ವಾಲ್ವ್ ಹಾಕಿ ಎಷ್ಟು ಸ್ಕ್ರೂ ತಿರುಗಿಸಿದರೂ ಐಡ್ಲಿಂಗ್ ಕೂರುವುದಿಲ್ಲ. ನಾನು ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿದ ಮೇಲೆ ಇದು ಗೊತ್ತಾಯಿತು. ಅಲ್ಲಾಡಿಸಿದರೆ ಟಿಕ್ ಟಿಕ್ ಅಂದರೆ ವಾಲ್ವ್ ಸರಿ ಇದೆ ಅಂತಾರೆ. ಗೂಟ ಅಂಟಿಕೊಂಡಿಲ್ಲ ಅಂತ ಮಾತ್ರ ಅದರ ಅರ್ಥ. ಸರಿಯಾದ ವಾಲ್ವ್ ಅಂತ ಅಲ್ಲ.

ಪಂಪನ್ನು ಗುಜರಿ ಸಾಮಾನು ಮಾರುವ ಒಬ್ಬರಿಂದ ತಂದೆ. "ತಿರುಗುತ್ತದೆ, ಚೆನ್ನಾಗಿದೆ" ಅಂದರು. ತಿರುಗುತ್ತಿತ್ತು, ನಿಜ. ಮನೆಗೆ ತಂದು ಟಾರ್ಚು ಹಾಕಿ ಗಾಳಿ ಹೊರಬರುವ ಬಾಯಿಯೊಳಗೆ ನೋಡಿದರೆ ಕಪ್ಪು ಮಸಿ. ಇದನ್ನು ನೆನಪಿಡಿ. ಪಂಪಿನೊಳಗೆ ಮಸಿ ಇದ್ದರೆ ಆ ಕಾರಿನ ಚೆಕ್ ವಾಲ್ವ್ ಸತ್ತಿತ್ತು ಅಂತ ಅರ್ಥ. ಚೆಕ್ ವಾಲ್ವಿನ ಕೆಲಸ ಗಾಳಿಯನ್ನು ಎಕ್ಸಾಸ್ಟಿನ ಕಡೆ ಬಿಡುವುದು, ಬಿಸಿ ಹೊಗೆಯನ್ನು ಹಿಂದಕ್ಕೆ ಬಿಡದಿರುವುದು. ಅದು ಕೆಟ್ಟರೆ ಹೊಗೆ ಹಿಂದೆ ನುಗ್ಗಿ ರಬ್ಬರ್ ಪೈಪನ್ನು ಸುಟ್ಟು ಪಂಪಿನ ಒಳಗೆ ಬರುತ್ತದೆ. ಒಳಗೆ ರೋಟರು ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಕೂತಿರುತ್ತದೆ, ಅದರಲ್ಲಿ ತೆಳು ಹಲಗೆಗಳು ಜಾರುತ್ತಾ ಗಾಳಿ ತಳ್ಳುತ್ತವೆ. ಮಸಿ, ಶಾಖ ಹೋದರೆ ಅವುಗಳ ಆಯುಸ್ಸು ಮುಗಿಯಿತು. ನನ್ನ ಪಂಪು 1 ಗಂಟೆ ಓಡಿ ಕಿರ್ರ್ ಅಂತ ನಿಂತಿತು. ಬೆಲ್ಟು ಕರಗಿದ ವಾಸನೆ ಇನ್ನೂ ಮೂಗಿನಲ್ಲಿದೆ.

ಚೆಕ್ ವಾಲ್ವ್ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ತಣ್ಣಗಿರುವಾಗ ಬಿಚ್ಚಿ, ಒರೆಸಿ, ಬಾಯಿಂದ ಊದಿ. ಪಂಪಿನ ಕಡೆಯಿಂದ ಊದಿದರೆ ಗಾಳಿ ಹೋಗಬೇಕು. ಎಕ್ಸಾಸ್ಟಿನ ಕಡೆಯಿಂದ ಹೋಗಬಾರದು, ಚೂರೂ ಹೋಗಬಾರದು. ಸ್ವಲ್ಪ ಸೋರಿದರೂ ಹೊಸದು ಹಾಕಿ. ಇಲ್ಲಿ ಕಂಜೂಸ್ತನ ಮಾಡಿದರೆ ಮುಂದೆ ಪಂಪಿನ ದುಡ್ಡು ಹೋಗುತ್ತದೆ.

ಎರಡನೇ ಪಂಪು ಸಿಕ್ಕಿತು. ಪುಲ್ಲಿಯ ಹಿಂದೆ ಒಂದು ಪ್ಲಾಸ್ಟಿಕ್ ಫ್ಯಾನು ಕಾಣುತ್ತಿದೆ ಅಲ್ವಾ? ಅದೇ ಫಿಲ್ಟರು. ಜೋರಾಗಿ ತಿರುಗುವಾಗ ಧೂಳನ್ನು ಹೊರಕ್ಕೆ ಎಸೆಯುತ್ತದೆ, ಗಾಳಿಯನ್ನು ಒಳಕ್ಕೆ ಬಿಡುತ್ತದೆ. ಇಷ್ಟು ವರ್ಷದ ಪ್ಲಾಸ್ಟಿಕ್ ಅಂದಮೇಲೆ ಬಿಚ್ಚುವಾಗ ಒಡೆದೇ ಒಡೆಯುತ್ತದೆ. ಒಡೆಯಲಿ, ಅದಕ್ಕೆ ಬೇಸರ ಬೇಡ. ಚೂರುಗಳು ಪಂಪಿನೊಳಗೆ ಬೀಳದ ಹಾಗೆ ನೋಡಿಕೊಳ್ಳಿ. ಚೂಪು ಮೂಗಿನ ಇಕ್ಕಳದಲ್ಲಿ ಹಿಡಿದು ಎಳೆಯಿರಿ, ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಹೊಸದನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಬೇಡಿ. ಪುಲ್ಲಿ ಇಟ್ಟು ಬೋಲ್ಟುಗಳನ್ನು ಒಂದಾದಮೇಲೆ ಒಂದು ಸಮವಾಗಿ ಬಿಗಿಸುತ್ತಾ ಹೋದರೆ ಫ್ಯಾನು ತಾನಾಗೇ ಒಳಗೆ ಕೂರುತ್ತದೆ. ಮೊದಲ ಸಲ ಓಡಿಸುವಾಗ ಕೀಚಲು ಸದ್ದು ಬರಬಹುದು. ಅಂಚು ಸವೆದು ಹೊಂದಿಕೊಂಡ ಮೇಲೆ ನಿಲ್ಲುತ್ತದೆ. ಸದ್ದು ಬಂತು ಅಂತ ಎಣ್ಣೆ ಮಾತ್ರ ಬಿಡಬೇಡಿ. ಈ ಪಂಪಿಗೆ ಎಣ್ಣೆ ಶತ್ರು.

ಬೆಲ್ಟು ಬಿಗಿಸುವಾಗ ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ. ಉದ್ದ ರಾಡು ಹಾಕಿ ಪಂಪಿನ ಮೈಯನ್ನೇ ಮೀಟುತ್ತಾರೆ. ತೆಳು ಅಲ್ಯೂಮಿನಿಯಂ ಅದು. ಮೈ ಸೊಟ್ಟಗಾದರೆ ಒಳಗಿನ ಹಲಗೆಗಳು ತಾಗುತ್ತವೆ. ಕೈಯಲ್ಲೇ ಎಳೆದು ಹಿಡಿದು ಬೋಲ್ಟ್ ಬಿಗಿಸಿ, ಸಾಕು.

ಕಷ್ಟದ ಕೆಲಸ ಮ್ಯಾನಿಫೋಲ್ಡಿನದು. ಮೊದಲನೆಯದಾಗಿ ನಿಮ್ಮ ಕಾರಿಗೆ ಯಾರಾದರೂ ಕೊಳವೆಯ ರೇಸಿಂಗ್ ಹೆಡರ್ ಹಾಕಿದ್ದರೆ ಅದನ್ನು ತೆಗೆದು ಎರಕದ ಕಬ್ಬಿಣದ ಮ್ಯಾನಿಫೋಲ್ಡಿಗೆ ಮರಳಬೇಕು. ಎರಕದ್ದರಲ್ಲೂ ಎರಡು ಜಾತಿ ಇರುತ್ತದೆ. ಗಾಳಿ ಕೊಳವೆಗೆ ತೂತು ಕೊರೆದದ್ದು, ಕೊರೆಯದೆ ಬರೀ ಉಬ್ಬು ಬಿಟ್ಟದ್ದು. ದೂರದಿಂದ ಫೋಟೋ ನೋಡಿ ದುಡ್ಡು ಕಳಿಸಬೇಡಿ, ತೂತು ಇದೆಯಾ ಅಂತ ಕೇಳಿ. ತೂತು ಇದ್ದರೂ ಅದಕ್ಕೆ ಯಾರೋ ಬಿರಡೆ ಹಾಕಿ ಮುಚ್ಚಿರುತ್ತಾರೆ. ಆ ಬಿರಡೆ ಐವತ್ತು ವರ್ಷ ಬೆಂಕಿ ಉಂಡಿರುತ್ತದೆ. ಸ್ಪಾನರ್ ಹಾಕಿ ಬಲ ಬಿಟ್ಟರೆ ತಲೆ ಮುರಿದು ಕೈಗೆ ಬರುತ್ತದೆ. ನನಗೆ ಎಂಟರಲ್ಲಿ ಮೂರು ಹಾಗೇ ಬಂದವು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ದಿನ ಬಿಡಿ. ಆಮೇಲೆ ಎಣ್ಣೆಯನ್ನು ಚೆನ್ನಾಗಿ ಒರೆಸಿ, ಸುತ್ತಲಿನ ಕಬ್ಬಿಣವನ್ನು ಕಾಯಿಸಿ. ತಣ್ಣಗಾಗಲು ಬಿಟ್ಟು ಮತ್ತೆ ಕಾಯಿಸಿ. ಬಿಚ್ಚುವಾಗ ಒಂದೇ ದಿಕ್ಕಿಗೆ ತಿರುಗಿಸದೆ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸಿ. ಅವಸರ ಇದ್ದ ದಿನ ಈ ಕೆಲಸಕ್ಕೆ ಕೂರಲೇಬೇಡಿ.

ಹೊಸ ಕೊಳವೆ ಕೂರಿಸುವಾಗ ಎಳೆಗಳಿಗೆ ಶಾಖ ತಡೆಯುವ, ಎಳೆ ಕಚ್ಚಿಕೊಳ್ಳದಂತೆ ಮಾಡುವ ಆಂಟಿ-ಸೀಜ್ ಲೇಪ ಹಚ್ಚಿ. ನಾಲ್ಕು ನಟ್ಟುಗಳನ್ನೂ ಮೊದಲು ಬೆರಳಲ್ಲಿ ಹಿಡಿಸಿ. ನಾಲ್ಕೂ ಹಿಡಿದ ಮೇಲೆಯೇ ಸ್ಪಾನರ್. ಒಂದನ್ನು ಪೂರ್ತಿ ಬಿಗಿಸಿ ಇನ್ನೊಂದಕ್ಕೆ ಹೋದರೆ ನಾಲ್ಕನೆಯದು ತೂತಿಗೆ ಸೇರುವುದೇ ಇಲ್ಲ.

ಇನ್ನು ಪೈಪುಗಳ ಜೋಡಣೆ. ಇಲ್ಲೇ ನಾನು ಎರಡು ವಾರ ಕಳೆದದ್ದು. ಎಲ್ಲ ಕೂರಿಸಿ ಆಯಿತು. ಇಂಜಿನ್ ಹತ್ತಿತು, ಐಡ್ಲಿಂಗ್ ಚೆನ್ನಾಗಿದೆ. ರಸ್ತೆಗೆ ಇಳಿದು ವೇಗ ಹಿಡಿದು ಆಕ್ಸಲರೇಟರಿನಿಂದ ಕಾಲು ತೆಗೆದೆ. ಢಂ! ಸೈಲೆನ್ಸರಿನಲ್ಲಿ ಬಾಂಬ್ ಹೊಡೆದ ಹಾಗೆ. ರಸ್ತೆಯ ಪಕ್ಕ ನಡೆಯುತ್ತಿದ್ದವರು ಕೂತೇಬಿಟ್ಟರು. ಮತ್ತೆ ವೇಗ, ಮತ್ತೆ ಕಾಲು ತೆಗೆದರೆ ಮತ್ತೆ ಢಂ. ಮಿಕ್ಸ್ಚರ್, ಅಂದರೆ ಗಾಳಿ ಪೆಟ್ರೋಲಿನ ಪ್ರಮಾಣ, ಬದಲಾಯಿಸಿದೆ, ಟೈಮಿಂಗ್ ಬದಲಾಯಿಸಿದೆ, ಡೈವರ್ಟರ್ ವಾಲ್ವನ್ನೇ ಬದಲಾಯಿಸಿದೆ.

ಕಾಲು ತೆಗೆದ ಕ್ಷಣ ಏನಾಗುತ್ತದೆ? ಥ್ರಾಟಲ್ ಮುಚ್ಚುತ್ತದೆ. ವ್ಯಾಕ್ಯೂಮ್ ಥಟ್ಟನೆ ಏರುತ್ತದೆ. ಇನ್‌ಟೇಕಿನ ಗೋಡೆಗೆ ಅಂಟಿದ ಪೆಟ್ರೋಲೆಲ್ಲ ಆವಿಯಾಗಿ ಒಳಗೆ ಹೋಗುತ್ತದೆ. ಅಷ್ಟು ಪೆಟ್ರೋಲಿಗೆ ಗಾಳಿ ಸಾಲದು, ಸುಡದೆ ಎಕ್ಸಾಸ್ಟಿಗೆ ಬರುತ್ತದೆ. ಅಲ್ಲಿ ಪಂಪು ಗಾಳಿ ಊದುತ್ತಾ ಕೂತಿದೆ. ಬಿಸಿ ಇದೆ, ಪೆಟ್ರೋಲ್ ಇದೆ, ಗಾಳಿ ಇದೆ. ಇನ್ನೇನು ಬೇಕು ಹೊತ್ತಿಕೊಳ್ಳಲು? ಇದನ್ನು ತಡೆಯಲೆಂದೇ ಡೈವರ್ಟರ್ ವಾಲ್ವ್ ಇರುವುದು. ವ್ಯಾಕ್ಯೂಮ್ ಥಟ್ಟನೆ ಏರಿದ್ದು ಗೊತ್ತಾದ ಕೂಡಲೇ ಕೆಲವು ಸೆಕೆಂಡು ಪಂಪಿನ ಗಾಳಿಯನ್ನು ಹೊರಗೆ ಬಿಡುತ್ತದೆ. ಹಾಗೆ ಗೊತ್ತಾಗಬೇಕಾದರೆ ಅದರ ಸಣ್ಣ ಪೈಪು ಇನ್‌ಟೇಕ್ ಮ್ಯಾನಿಫೋಲ್ಡಿನ ವ್ಯಾಕ್ಯೂಮಿಗೆ ಸೇರಿರಬೇಕು. ನಾನು ಸೇರಿಸಿದ್ದು ಕಾರ್ಬೊರೇಟರಿನಲ್ಲಿ ಥ್ರಾಟಲಿನ ಮೇಲೆ ಇರುವ ತೂತಿಗೆ. ಥ್ರಾಟಲ್ ಮುಚ್ಚಿದ ಕ್ಷಣ ಆ ತೂತಿನಲ್ಲಿ ವ್ಯಾಕ್ಯೂಮೇ ಇರುವುದಿಲ್ಲ. ಬೇಕಾದ ಹೊತ್ತಿಗೆ ಸರಿಯಾಗಿ ವಾಲ್ವಿನ ಕಿವಿ ಮುಚ್ಚಿಬಿಟ್ಟಿದ್ದೆ! ಎರಡು ತೂತುಗಳ ನಡುವೆ ಇದ್ದದ್ದು ಒಂದು ಬೆರಳಿನ ಅಂತರ.

ಬಾನೆಟ್ ಒಳಗೆ ಅಥವಾ ರೇಡಿಯೇಟರ್ ಮೇಲಿನ ಪಟ್ಟಿಯಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಐಡ್ಲಿಂಗ್ ಎಷ್ಟು, ಟೈಮಿಂಗ್ ಎಷ್ಟು ಅಂತ ಬರೆದಿರುತ್ತದೆ, ನಂತರದ ವರ್ಷಗಳದ್ದರಲ್ಲಿ ಪೈಪುಗಳ ಚಿತ್ರವೂ ಇರುತ್ತದೆ. ಪೇಂಟ್ ಮಾಡುವಾಗ ಮೊದಲು ಹಾಳಾಗುವುದೂ ಅದೇ. ಕಾರು ಬಿಚ್ಚುವ ಮುಂಚೆ ಅದರ ಫೋಟೋ ತೆಗೆದುಕೊಳ್ಳಿ. ಕೆಲವು ತಯಾರಕರು ವ್ಯಾಕ್ಯೂಮ್ ಪೈಪುಗಳ ಮೇಲೆ ಬಣ್ಣದ ಗೆರೆ ಎಳೆದಿರುತ್ತಿದ್ದರು, ಅದನ್ನೂ ಬರೆದಿಟ್ಟುಕೊಳ್ಳಿ. ನಾನು ಅದೆಲ್ಲವನ್ನೂ ಕಸದ ಬುಟ್ಟಿಗೆ ಹಾಕಿದ್ದೆ.

ಇಜಿಆರ್ ಇರುವ ಕಾರಿನವರಿಗೆ ಎರಡು ಮಾತು. ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಒಳಗೆ ಬಿಟ್ಟು ಉರಿಯ ಶಾಖ ಇಳಿಸುವುದು ಅದರ ಕೆಲಸ. ಸುಮಾರು 1,370 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನೈಟ್ರೋಜನ್ ಆಕ್ಸೈಡು ಜೋರಾಗಿ ಹುಟ್ಟುತ್ತದೆ, ಅದಕ್ಕೆ. ಪರೀಕ್ಷೆ ಸುಲಭ. ಐಡ್ಲಿಂಗಿನಲ್ಲಿ ದಪ್ಪ ಕೈಗವಸು ಹಾಕಿಕೊಂಡು ವಾಲ್ವಿನ ಡಯಾಫ್ರಮ್ಮನ್ನು ಮೇಲಕ್ಕೆ ಎತ್ತಿ. ಇಂಜಿನ್ ತಡವರಿಸಬೇಕು ಅಥವಾ ಆಫ್ ಆಗಬೇಕು. ಏನೂ ಆಗದಿದ್ದರೆ ದಾರಿಯಲ್ಲಿ ಕಾರ್ಬನ್ ಕಟ್ಟಿದೆ, ಕೆರೆದು ತೆಗೆಯಿರಿ. ವಾಲ್ವ್ ಮುಚ್ಚದೆ ತೆರೆದೇ ನಿಂತಿದ್ದರೆ ಐಡ್ಲಿಂಗ್ ಗಡಗಡ ಅನ್ನುತ್ತದೆ, ಜನ ಅದನ್ನು ಕಾರ್ಬೊರೇಟರ್ ದೋಷ ಅಂದುಕೊಳ್ಳುತ್ತಾರೆ.

ಎಲ್ಲ ಕೂರಿಸಿದ ಮೇಲೆ ಟ್ಯೂನಿಂಗ್. ಮೊದಲು ಟೈಮಿಂಗ್, ಸ್ಟಿಕ್ಕರ್ ಹೇಳಿದ ಹಾಗೆ. ಸಾಮಾನ್ಯವಾಗಿ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪು ಬಿಚ್ಚಿ, ಬಾಯಿ ಮುಚ್ಚಿ ಮಾಡಬೇಕು. ಆಮೇಲೆ ಐಡ್ಲಿಂಗ್ ವೇಗ. ಆಮೇಲೆ ಮಿಕ್ಸ್ಚರ್. ಗ್ಯಾಸ್ ಅನಲೈಸರ್ ಇಟ್ಟು ಮಿಕ್ಸ್ಚರ್ ನೋಡುವವರು ಪಂಪಿನ ಗಾಳಿಯನ್ನು ಬಿಚ್ಚಿಟ್ಟು ನೋಡಿ. ಇಲ್ಲದಿದ್ದರೆ ಪಂಪಿನ ಹೊಸ ಗಾಳಿ ಹೊಗೆಗೆ ಬೆರೆತು ತೆಳುವಾಗಿ, ಇಂಜಿನ್ ಬಹಳ ಶುದ್ಧವಾಗಿ ಓಡುತ್ತಿದೆ ಅಂತ ಯಂತ್ರ ಸುಳ್ಳು ಹೇಳುತ್ತದೆ. ಹಾಲಿಗೆ ನೀರು ಬೆರೆಸಿ ಅಳೆದ ಹಾಗೆ ಅದು. ಮುಗಿದ ಮೇಲೆ ಪೈಪನ್ನು ಮತ್ತೆ ಹಾಕಲು ಮರೆಯಬೇಡಿ. ನಾನು ಒಮ್ಮೆ ಮರೆತು ಒಂದು ತಿಂಗಳು ಓಡಿಸಿದ್ದೇನೆ. ಪಂಪು ಪಾಪ, ಗಾಳಿಗೆ ಗಾಳಿ ಊದುತ್ತಾ ಇತ್ತು.

ಪ್ರಶ್ನೆಗಳು ಬಂದಿವೆ. ಒಬ್ಬರು ಬರೆದು ಕಳಿಸಿದ್ದಾರೆ: "ಹೊಸದಾಗಿ ಮಾಡಿದ ನಕಲು ಭಾಗಗಳು ಸಾಕಾಗುವುದಿಲ್ಲವೇ?" ಕೊಳವೆ, ಪೈಪು, ಕ್ಲ್ಯಾಂಪು, ಸ್ಟಿಕ್ಕರ್, ಇವಕ್ಕೆ ನಕಲು ಧಾರಾಳವಾಗಿ ಸಾಕು. ಹಳೆಯ ಕೊಳವೆ ಹುಡುಕಿ ತುಕ್ಕು ಕೊಳ್ಳುವುದಕ್ಕಿಂತ ಒಳ್ಳೆಯದು. ಕಾರ್ಬೊರೇಟರ್, ಡಿಸ್ಟ್ರಿಬ್ಯೂಟರ್ ಮಾತ್ರ ಆ ಇಂಜಿನ್ನಿನ ನಂಬರಿನದೇ ಬೇಕು. ಯಾಕೆ ಅಂತ ಆಗಲೇ ಹೇಳಿದೆ. ಸ್ಪರ್ಧೆಗೆ ನಿಲ್ಲಿಸುವವರು ಪಂಪಿನ ಮೇಲಿನ ನಂಬರನ್ನೂ ನೋಡಿಕೊಳ್ಳಿ, ತೀರ್ಪುಗಾರರು ಕನ್ನಡಿ ಹಿಡಿದು ಬಗ್ಗಿ ನೋಡುತ್ತಾರೆ.

ಹಿಂದಿನ ಸಾಲಿನಿಂದ ಇನ್ನೊಂದು: "ಕಾನೂನು ಕೇಳದಿದ್ದರೂ ಇದನ್ನೆಲ್ಲ ಯಾಕೆ ಹಾಕಬೇಕು ಸಾರ್?" ಒಳ್ಳೆಯ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲೇ 1975 ಮತ್ತು ಅದಕ್ಕಿಂತ ಹಳೆಯ ಕಾರುಗಳನ್ನು ಹೊಗೆ ತಪಾಸಣೆಗೆ ಒಯ್ಯಬೇಕಾಗಿಲ್ಲ. ಹಾಗಂತ ಭಾಗ ಕಿತ್ತುಹಾಕಲು ಕಾನೂನು ಅನುಮತಿ ಕೊಟ್ಟಿದೆ ಅಂತ ಅಲ್ಲ. ಅದಿರಲಿ. ನಾನು ಹಾಕಿದ್ದು ಹಟಕ್ಕೆ. ಆ ಇಂಜಿನ್ನನ್ನು ಕೂತು ಲೆಕ್ಕ ಹಾಕಿದವರು ದಡ್ಡರಾಗಿರಲಿಲ್ಲ. ಅವರು ಬಿಟ್ಟ ಹಾಗೆ ಒಮ್ಮೆ ಓಡಿಸಿ ನೋಡಬೇಕು ಅನ್ನಿಸಿತು. ಓಡಿಸಿದೆ. ಗ್ಯಾರೇಜಿನಲ್ಲಿ ಐಡ್ಲಿಂಗ್‌ಗೆ ಬಿಟ್ಟರೆ ಮುಂಚಿನ ಹಾಗೆ ಕಣ್ಣು ಉರಿಯುವುದಿಲ್ಲ. ಬಾಗಿಲು ಮಾತ್ರ ತೆರೆದೇ ಇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕಾರು ಹೊರಗೆ ನಿಂತಿದೆ, ಬಾನೆಟ್ ಎತ್ತಿಟ್ಟಿದ್ದೇನೆ. ಬನ್ನಿ, ಸ್ಟಾರ್ಟ್ ಮಾಡುತ್ತೇನೆ. ಡೈವರ್ಟರ್ ವಾಲ್ವಿನ ಕೆಳಗಿನ ತೂತಿನ ಹತ್ತಿರ ಒಬ್ಬರು ಅಂಗೈ ಹಿಡಿಯಿರಿ. ನಾನು ರೇಸ್ ಕೊಟ್ಟು ಥಟ್ಟನೆ ಬಿಟ್ಟಾಗ ಬುಸ್ ಅಂತ ಗಾಳಿ ತಾಗುತ್ತದೆ. ಬೆಲ್ಟಿನ ಹತ್ತಿರ ಯಾರೂ ಸಡಿಲ ತೋಳಿನ ಅಂಗಿ ಹಾಕಿಕೊಂಡು ಬಗ್ಗಬೇಡಿ.